‘ಅಣ್ಣಾವ್ರು ಬೀಳ್ತಾರಲ್ಲೋ ತಮ್ಮಾ!’

ಅಭಿಮಾನಿ ಮಿತ್ರರೇ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೆಚ್ಚಿನ ನಾಯಕನ ಮುಖ ಬರೆಯದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಕೈ ಎತ್ತಿ ನೋಡೋಣ! ಒಬ್ಬರೂ ಇಲ್ಲ. ಸರಿ, ಇನ್ನೊಂದು ಪ್ರಶ್ನೆ. ತಲೆಯಿಂದ ಪಾದದವರೆಗೆ ಇಡೀ ಆಳನ್ನು ಬರೆದವರು ಎಷ್ಟು ಮಂದಿ? ನೋಡಿದಿರಾ, ಎಲ್ಲರೂ ತಲೆ ತಗ್ಗಿಸಿಬಿಟ್ಟಿರಿ! ನಾನೂ ಹಾಗೆಯೇ ತಗ್ಗಿಸಿದವನು.

ನನ್ನೂರು ಹಡಗಲಿ ಸೀಮೆಯ ಇಟ್ಟಿಗಿ. 2021ರಿಂದ ನಮ್ಮದು ವಿಜಯನಗರ ಜಿಲ್ಲೆ; ನಾನು ಹೇಳಹೊರಟಿರುವ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ. ಟೂರಿಂಗ್ ಟಾಕೀಸಿನಲ್ಲಿ ‘ಮಯೂರ’ ನೋಡಿದೆ. 1975ರ ಚಿತ್ರ, ಆದರೇನು, ನಮಗೆ ಅದು ಯಾವಾಗ ಬಂದರೂ ಹೊಸದೇ! ವರನಟ ರಾಜ್ ಕದಂಬರ ದೊರೆಯಾಗಿ ನಿಂತ ಆ ಗತ್ತು ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪತ್ರಿಕೆಯ ಫೋಟೋ ಮೇಲೆ ಚೌಕ ಎಳೆದು, ಹಾಳೆಯ ಮೇಲೂ ದೊಡ್ಡ ಚೌಕ ಎಳೆದು ಒಂದೊಂದಾಗಿ ತುಂಬುತ್ತಾ ಹೋದೆ. ಮುಖ ಥೇಟ್ ಅಣ್ಣಾವ್ರದೇ! ಅದನ್ನು ಸುತ್ತಿಕೊಂಡು ಹೊಸಪೇಟೆಗೆ ಹೋಗಿ ಸಿನಿಮಾ ಬ್ಯಾನರ್ ಬರೆಯುವ ಪೇಂಟರೊಬ್ಬರ ಮುಂದೆ ಹರವಿದೆ. ಅವರು ಬೀಡಿ ತೆಗೆಯದೆಯೇ ಅಂದರು: “ಮುಖ ಎಲ್ಲಾರೂ ಬರೀತಾರ. ಫೋಟೋ ನೋಡದ ನಿಂತ ಆಳನ್ನ ಬರಕೊಂಡು ಬಾ. ಆಮ್ಯಾಲ ಕೆಲಸದ ಮಾತು.”

ಇತ್ತ ಮನೆಯಲ್ಲಿ ಅಪ್ಪ ಗಡುವು ಕೊಟ್ಟರು. ಅವರು ಚೀಲ ಹೊರುವ ಹಮಾಲರು. “ಶಿವರಾತ್ರಿ ತನಕ ನೋಡ್ತೀನಿ. ಆಮ್ಯಾಲ ನನ್ನ ಜೋಡಿ ಬಂದುಬಿಡು.” ಅಷ್ಟೇ ಮಾತು.

ಬೆನ್ನ ಹಿಂದಿನ ಕೈ!

ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಬರೆದೆ. ನನ್ನ ಮಯೂರರಿಗೆಲ್ಲ ಒಂದೇ ಗುಣ: ಕೈ ಬೆನ್ನ ಹಿಂದೆ, ಪಾದ ಹುಲ್ಲಿನೊಳಗೆ! ಬರೆಯಲು ಬಾರದ್ದನ್ನು ಬಚ್ಚಿಡುವ ಉಪಾಯ ಎನ್ನಿ. ಅರೆಬರೆ ಚಿತ್ರವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಮುಗಿಯಲಿ, ಊರೇ ಬೆರಗಾಗಲಿ ಎಂಬ ಹಮ್ಮು.

ನನ್ನ ಗೆಳೆಯನೊಬ್ಬ ಕಿಲಾಡಿ. ಒಂದು ದಿನ ನಾನಿಲ್ಲದಾಗ ಖಾಕಿ ಹಾಳೆಯ ಮೇಲೆ ಇದ್ದಲಿನಲ್ಲಿ ಬರೆದಿದ್ದ ಅರ್ಧ ಚಿತ್ರವನ್ನು ಎತ್ತಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಗೋಡೆಗೆ ಮೊಳೆ ಹೊಡೆದುಬಿಟ್ಟ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು!

ಮೊದಲು ಬಾಯಿ ತೆರೆದವರು ದರ್ಜಿ. “ಈ ತೋಳಿಗೆ ಅಂಗಿ ಹೊಲಿಯಾಕ ಆಗಂಗಿಲ್ಲಪ್ಪ. ಮೊಣಕೈ ನಡದ ಮಟ್ಟಕ್ಕ ಬರ್ಬೇಕು. ಬೆರಳ ತುದಿ ಅರ್ಧ ತೊಡಿ ಮುಟ್ಟಬೇಕು.” ನಿಂತು ನನ್ನ ಮೇಲೇ ಟೇಪು ಹಿಡಿದು ತೋರಿಸಿದರು. ಹೌದಲ್ಲ! ಕ್ಷೌರದಂಗಡಿಯವರು, “ಕಣ್ಣು ತಲಿಯ ನಟ್ಟನಡುವ ಇರ್ತಾವ. ನೀನು ಮ್ಯಾಲೆ ಇಟ್ಟೀಯಲ್ಲ, ಹಣಿ ಎಲ್ಲೈತಿ?” ಅಂದರು. ಅಲ್ಲೇ, ಎಲ್ಲರೆದುರು, ಇದ್ದಲು ಹಿಡಿದು ತಿದ್ದಿದೆ. ಮರುದಿನ ಸಂಜೆ ಇನ್ನಷ್ಟು ಜನ ಕೂಡಿದರು.

ಅಪ್ಪ ಬಂದರು

ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪ ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

“ಅಣ್ಣಾವ್ರು ಬೀಳ್ತಾರಲ್ಲೋ ತಮ್ಮಾ!”

ಅಂಗಡಿಯ ಇದ್ದಲ ಚೀಲ ಹೆಗಲಿಗೇರಿಸಿ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತರು. “ನೋಡು. ತಲಿ ಎಲ್ಲೈತಿ, ಹಿಮ್ಮಡ ಎಲ್ಲೈತಿ? ತಲಿ ಕೆಳಗ ಕಾಲಿಲ್ಲಂದ್ರ ಚೀಲ ಸಮೇತ ಮಕಾಡೆ.”

ಗೌಂಡಿಯವರು ಗೋಡೆಗೆ ಗುಂಡಿನ ದಾರ ಬಿಡುತ್ತಾರಲ್ಲ, ಹಾಗೆ ಗಂಟಲ ಕುಳಿಯಿಂದ ಒಂದು ದಾರ ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಆ ಕಡೆಯ ಸೊಂಟ ಮೇಲೇಳುತ್ತದೆ. ಬರಿಗೈಲಿ ಸಡಿಲಾಗಿ ನಿಂತಾಗ ಅದೇ ಕಡೆಯ ಭುಜ ಇಳಿಯುತ್ತದೆ. ಇದನ್ನು ಕಣ್ಣಾರೆ ಕಾಣಲು ತುಂಗಭದ್ರೆ ದಂಡೆಯ ಕುರುವತ್ತಿಗೆ ಹೋದೆ. ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ಗುಡಿಯ ಬಾಗಿಲ ಬಳಿ ಮದನಿಕೆಯರಿದ್ದಾರೆ. ಎಷ್ಟು ಬಳುಕಿದರೂ ಬೀಳುವವರಲ್ಲ! ನಮ್ಮ ಶಿಲ್ಪಿಗಳು ಮುಖವನ್ನೇ ಅಳತೆ ಮಾಡಿಕೊಂಡು ಅದಕ್ಕೆ ‘ತಾಲ’ ಎಂದರು. ಒಂಬತ್ತು ಮುಖದೆತ್ತರದ ಮೂರ್ತಿ ನವತಾಲ. ಅಮೆರಿಕದ ಆಂಡ್ರ್ಯೂ ಲೂಮಿಸ್ 1943ರಲ್ಲಿ ತಂದ ಆಕೃತಿ ರಚನೆಯ ಪುಸ್ತಕದಲ್ಲಿಯೂ ತಲೆಯೇ ಅಳತೆಗೋಲು: ಆದರ್ಶ ಪುರುಷನ ಎತ್ತರ ಎಂಟು ತಲೆ. ಸಾಮಾನ್ಯರಾದ ನಾವು ನೀವು ಸುಮಾರು ಏಳೂವರೆ!

ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯಲು ಬಿಲ್ಲೇರುವ ಗೊರವಯ್ಯನನ್ನೂ ಅಂದಿನಿಂದ ಬೇರೆ ಕಣ್ಣಿನಿಂದ ನೋಡತೊಡಗಿದೆ. ಭಕ್ತಿಯ ಜೊತೆಗೆ ಲೆಕ್ಕವೂ ಸೇರಿಕೊಂಡಿತು.

ಶಿವರಾತ್ರಿಗೆ ಎಂಟು ದಿನ ಮೊದಲು ಮತ್ತೆ ಹೊಸಪೇಟೆಗೆ ಹೋದೆ. ಪೇಂಟರು ಈ ಸಲ ಮುಖ ನೋಡಲೇ ಇಲ್ಲ. ಪಾದ ನೋಡಿದರು. ಬೀಡಿ ಆರಿಸಿದರು. “ಯಾರನ್ನ ನೋಡಿ ಬರದಿ?” ಅಂದರು. ಮುಖ ರಾಜಣ್ಣನದು, ಕಾಲು ನಮ್ಮಪ್ಪನವು ಅಂದೆ. ಮರುದಿನದಿಂದ ಬಣ್ಣ ಕಲಸುವ ಕೆಲಸ ಸಿಕ್ಕಿತು.

ಈಗ ಆ ಬ್ಯಾನರ್‌ಗಳಿಲ್ಲ. ಹೊಸ ಶತಮಾನ ಬರುತ್ತಿದ್ದಂತೆ ಫ್ಲೆಕ್ಸ್ ಬಂದು ನಮ್ಮ ಕುಂಚ ಕಸಿದುಕೊಂಡಿತು. ಆದರೆ ಬರೆಯುವ ಹುಡುಗರು ಕಡಿಮೆಯಾಗಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಅಗಲಿದ ಮೇಲೆ ನಮ್ಮ ಕಡೆಯ ಎಷ್ಟೋ ಹುಡುಗರು ಪೆನ್ಸಿಲ್ ಹಿಡಿದು ನನ್ನ ಬಳಿ ಬಂದರು. ಮುಖ ಚೆನ್ನ. ಕೈ? ಅದೇ ಬೆನ್ನ ಹಿಂದೆ!

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅರ್ಧ ಇರುವಾಗಲೇ ತೋರಿಸಿ. ಮುಗಿದ ಚಿತ್ರಕ್ಕೆ ಜನ ಚಪ್ಪಾಳೆ ಹೊಡೆದು ಹೋಗುತ್ತಾರೆ. ಅರೆ ಚಿತ್ರಕ್ಕೆ ಮಾತ್ರ ಬುದ್ಧಿ ಹೇಳುತ್ತಾರೆ. 2023ರಲ್ಲಿ ತೀರಿಕೊಂಡ ಬಿ.ಕೆ.ಎಸ್. ವರ್ಮಾ ಅಂಥ ದೊಡ್ಡ ಕಲಾವಿದರೇ ಸಭೆಯ ಕಣ್ಣೆದುರು ವೇದಿಕೆಯಲ್ಲಿ ನಿಂತು ಮೊದಲ ಗೆರೆಯಿಂದ ಬರೆಯುತ್ತಿದ್ದರು. ನಮ್ಮದೇನು ನಾಚಿಕೆ!

ಖಾಕಿ ಹಾಳೆಯ ಆ ಮಯೂರ ಇನ್ನೂ ನಮ್ಮ ಮನೆಯ ಗೋಡೆಯ ಮೇಲಿದ್ದಾನೆ. ಅಪ್ಪ ಇಲ್ಲ. ಕಾಲು ಮಾತ್ರ ಗಟ್ಟಿಯಾಗಿ ನಿಂತಿವೆ.