ಗೋಡೆ ಕುಸಿಯಿತು, ಗುಮ್ಮಟ ನಿಂತಿತು

ಕಾದ ಕಬ್ಬಿಣವು ಹಿಗ್ಗುವುದೆಂಬ ತತ್ತ್ವವನ್ನು ಕಮ್ಮಾರನು ಯಾವ ಪುಸ್ತಕದಿಂದಲೂ ಕಲಿತವನಲ್ಲ. ಗಾಡಿಯ ಚಕ್ರಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ಮೇಲೆ ನೀರೆರೆಯುತ್ತಾನೆ. ತಣಿದ ಪಟ್ಟಿಯು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗಾಡಿಗೆ ಉಪಕಾರಿಯಾದ ಈ ಗುಣವು ದೊಡ್ಡ ಕಟ್ಟಡದ ಮಾಡಿನಲ್ಲಿ ಅಪಾಯಕಾರಿಯಾಗಬಲ್ಲುದು. ಅದನ್ನು ಮೊದಲೇ ಅರಿತು ಕಟ್ಟಿದ ಹೋಟೆಲೊಂದು ಅಮೆರಿಕದ ಇಂಡಿಯಾನಾ ರಾಜ್ಯದ ವೆಸ್ಟ್ ಬೇಡನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿದೆ.

ಊರಿನ ಖನಿಜಯುಕ್ತ ಚಿಲುಮೆಗಳ ನೀರನ್ನು ಕುಡಿದು ಆರೋಗ್ಯ ಪಡೆಯಲೆಂದು ಜನರು ಅಲ್ಲಿಗೆ ಬರುತ್ತಿದ್ದರು. 1901ರಲ್ಲಿ ಹಳೆಯ ಹೋಟೆಲು ಬೆಂಕಿಗೆ ಆಹುತಿಯಾಯಿತು. ಒಡೆಯನಾದ ಲೀ ಸಿಂಕ್ಲೇರ್, ಹ್ಯಾರಿಸನ್ ಆಲ್‌ಬ್ರೈಟ್ ಎಂಬ ವಾಸ್ತುಶಿಲ್ಪಿಯಿಂದ ಹೊಸದನ್ನು ಕಟ್ಟಿಸಿದನು. 1902ರಲ್ಲಿ ಅದು ತೆರೆಯಿತು. ನಡುವೆ ಒಂದು ವಿಶಾಲವಾದ ದುಂಡು ಅಂಗಳ. ಸುತ್ತಲೂ ಬಳೆಯಂತೆ ಆರು ಅಂತಸ್ತುಗಳ ಕೋಣೆಗಳು. ಅಂಗಳದ ಮೇಲೆ 200 ಅಡಿ, ಎಂದರೆ ಸುಮಾರು 61 ಮೀಟರು ವ್ಯಾಸದ ಉಕ್ಕು ಗಾಜುಗಳ ಗುಮ್ಮಟ. ನಡುವೆ ಒಂದೇ ಒಂದು ಕಂಬವಿಲ್ಲದ ಗುಮ್ಮಟಗಳಲ್ಲಿ 1913ರವರೆಗೆ ಜಗತ್ತಿನಲ್ಲಿ ಇದೇ ಅತ್ಯಂತ ವಿಶಾಲವಾದುದೆಂದು ಎಣಿಸಲಾಗುತ್ತಿತ್ತು.

ಗುಮ್ಮಟವು ತನ್ನ ಭಾರದಿಂದಲೇ ಬುಡವನ್ನು ಹೊರಕ್ಕೆ ತಳ್ಳುತ್ತದೆ. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದಲ್ಲಿ ಈ ತಳ್ಳನ್ನು ತಡೆಯಲು ಭಾರಿ ಗಾರೆಗೋಡೆಯ ದಪ್ಪವೂ ನೆರವಾಗುತ್ತದೆ. ಆಲ್‌ಬ್ರೈಟನ ಗುಮ್ಮಟದಲ್ಲಿ 24 ಉಕ್ಕಿನ ಕಮಾನುತೊಲೆಗಳು ಮೇಲೆ ನಡುಬಿಂದುವಿನಲ್ಲಿ ಕೂಡುತ್ತವೆ. ಕೆಳತುದಿಗಳು ಕಂಬಗಳ ತಲೆಯ ಮೇಲೆ ಉರುಳೆಗಳನ್ನು ಆಧರಿಸಿ ನಿಂತಿವೆ. ಉರುಳೆಯ ಮೇಲಿರುವ ತೊಲೆಯು ಕಂಬವನ್ನು ಪಕ್ಕಕ್ಕೆ ತಳ್ಳಲಾರದು. ತಳ್ಳನ್ನು ಬುಡ ಸುತ್ತಿದ ಉಕ್ಕಿನ ಬಳೆಯೇ ಹೊರಬೇಕು, ಗಾಡಿಯ ಚಕ್ರದ ಪಟ್ಟಿಯಂತೆ.

ಉರುಳೆಗಳೇಕೆ? ಉಕ್ಕು ಒಂದು ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಚಳಿಗಾಲಕ್ಕೂ ಬೇಸಗೆಗೂ 50 ಡಿಗ್ರಿ ಅಂತರವೆಂದಿಟ್ಟುಕೊಂಡರೆ 61 ಮೀಟರಿಗೆ ಸುಮಾರು ಮೂರೂಮುಕ್ಕಾಲು ಸೆಂಟಿಮೀಟರು. ಅಲ್ಪವೆಂದು ನಗಬೇಡಿ. ತುದಿಗಳನ್ನು ಬಿಗಿಹಿಡಿದಿದ್ದರೆ ಅಷ್ಟೇ ಅಲ್ಪವು ವರ್ಷವರ್ಷವೂ ಕಂಬಗಳನ್ನು ಸೀಳಲು ಸಾಕಾಗುತ್ತಿತ್ತು.

1929ರ ಆರ್ಥಿಕ ಕುಸಿತದ ಬಳಿಕ ಅತಿಥಿಗಳು ಬರಲಿಲ್ಲ. 1932ರಲ್ಲಿ ಹೋಟೆಲು ಮುಚ್ಚಿತು. 1934ರಲ್ಲಿ ಅದನ್ನು ಕ್ರೈಸ್ತರ ಜೆಸುಯಿಟ್ ಸಂಘಕ್ಕೆ ಕೇವಲ ಒಂದು ಡಾಲರಿಗೆ ಕೊಡಲಾಯಿತು. ಮುಂದೆ ಅಲ್ಲೊಂದು ಕಾಲೇಜು ನಡೆದು, 1983ರಲ್ಲಿ ಅದೂ ತೆರವಾಯಿತು. ಜನರು ವಾಸಿಸುವ ಮನೆಯನ್ನು ಚಳಿಗಾಲದಲ್ಲಿ ಕಾಯಿಸುತ್ತಾರೆ. ಬರಿದಾದ ಮನೆಯನ್ನು ಯಾರು ಕಾಯಿಸಬೇಕು? ಹೋಟೆಲಿಗೆ ಬಂದ ಕೇಡಿನ ಮೂಲ ಇಲ್ಲಿದೆಯೆಂದು ನನ್ನ ಎಣಿಕೆ.

ನೀರಿನ ಸ್ವಭಾವವು ಉಕ್ಕಿನದಕ್ಕಿಂತ ವಿಚಿತ್ರವಾದುದು. ತಣಿಯುತ್ತ 4 ಡಿಗ್ರಿಯವರೆಗೆ ಕುಗ್ಗಿ, ಆಮೇಲೆ ಹಿಗ್ಗತೊಡಗುತ್ತದೆ. ಹೆಪ್ಪುಗಟ್ಟುವಾಗ ಅದರ ಅಣುಗಳು ನಡುವೆ ಬಿಡುವಿರುವ ಷಡ್ಭುಜ ಜೋಡಣೆಯಲ್ಲಿ ನಿಲ್ಲುವುದರಿಂದ 100 ಲೀಟರು ನೀರು ಸುಮಾರು 109 ಲೀಟರು ಮಂಜುಗಡ್ಡೆಯಾಗುತ್ತದೆ. ತೆರೆದ ಪಾತ್ರೆಯಲ್ಲಾದರೆ ಅದು ಮೇಲಕ್ಕೆ ಉಬ್ಬಿ ಸುಮ್ಮನಾದೀತು. ಎರಡು ಕಡೆಯೂ ಗಡ್ಡೆಕಟ್ಟಿದ ಕೊಳವೆಯ ನಡುವೆ ಸಿಕ್ಕಿಬಿದ್ದ ನೀರಿಗೆ ಆ ಸ್ವಾತಂತ್ರ್ಯವಿಲ್ಲ. ಸೊನ್ನೆಗಿಂತ ಒಂದೇ ಡಿಗ್ರಿ ಕೆಳಗೆ ಅದನ್ನು ಹೆಪ್ಪುಗಟ್ಟದಂತೆ ಅದುಮಿಡಬೇಕಾದರೆ ವಾಯುಭಾರದ ಸುಮಾರು 130 ಪಟ್ಟು ಒತ್ತಡ ಬೇಕು. ಕೊಳವೆ ಒಡೆಯುತ್ತದೆ, ಸೋರಿದ ನೀರು ಗೋಡೆಯ ಬಿರುಕನ್ನು ಹೊಕ್ಕು ಹೆಪ್ಪುಗಟ್ಟಿ ಅದನ್ನು ಅಗಲಿಸುತ್ತದೆ, ಕರಗಿದ ಮೇಲೆ ಅಗಲವಾದ ಬಿರುಕಿಗೆ ಇನ್ನಷ್ಟು ನೀರು ಸೇರುತ್ತದೆ. 1991ರ ಜನವರಿಯಲ್ಲಿ, ಮಾಡಿನ ಮೇಲೂ ನೀರಿಳಿಯುವ ಕೊಳವೆಗಳಲ್ಲಿಯೂ ಮಂಜುಗಡ್ಡೆ ತುಂಬಿ, ಆರು ಅಂತಸ್ತಿನ ಹೊರಗೋಡೆಯ ಒಂದು ಭಾಗವು ಕುಸಿದು ಬಿದ್ದಿತು. ಗುಮ್ಮಟವು ನಿಂತೇ ಇತ್ತು.

ಬೀಳುವುದು ಕ್ಷಣದ ಕೆಲಸ. ಎಬ್ಬಿಸುವುದು ವರ್ಷಗಳ ಕೆಲಸ. 1994ರಲ್ಲಿ ಕಟ್ಟಡವು ಐದು ಲಕ್ಷ ಡಾಲರಿಗೆ ಮಾರಾಟವಾಯಿತು. 1996ರಲ್ಲಿ ಅದು ಇಂಡಿಯಾನಾದ ಚಾರಿತ್ರಿಕ ಕಟ್ಟಡಗಳನ್ನು ರಕ್ಷಿಸುವ ಪ್ರತಿಷ್ಠಾನದ ಕೈಗೆ ಬಂದಿತು. ವೈದ್ಯಕೀಯ ಸಲಕರಣೆಗಳ ಉದ್ಯಮಿ ಬಿಲ್ ಕುಕ್ ಮತ್ತು ಅವರ ಪತ್ನಿ ಗೇಲ್ ದುರಸ್ತಿಗೆ ಹಣ ಹೂಡಿದರು. ಕುಸಿದ ಗೋಡೆಯನ್ನು ಮರಳಿ ಎತ್ತಲಾಯಿತು; ಹೊರಮೈಯೂ ಅಂಗಳವೂ ಮೊದಲಿನ ಕಳೆಯನ್ನು ಪಡೆದವು. ಆದರೆ ಹೋಟೆಲು ನಡೆಸಲು ಮುಂದೆ ಬಂದವರಿಲ್ಲ! ನೆರೆಯ ಫ್ರೆಂಚ್ ಲಿಕ್ ಊರಿನಲ್ಲಿ ಜೂಜುಗೃಹಕ್ಕೆ 2003ರಲ್ಲಿ ಶಾಸನವು ಅನುಮತಿಯಿತ್ತ ಮೇಲೆಯೇ ದಾರಿ ತೆರೆಯಿತು. ಕುಕ್ ಅವರ ಉದ್ಯಮವೇ ಒಡೆತನ ವಹಿಸಿತು. ಜೂಜಿನ ಹಣವನ್ನು ಮೆಚ್ಚುವವನು ನಾನಲ್ಲ. ಆದರೆ ಆ ಹಣವಿಲ್ಲದೆ ಇನ್ನೆಷ್ಟು ಚಳಿಗಾಲಗಳನ್ನು ಆ ಬರಿಯ ಗೋಡೆಗಳು ತಾಳುತ್ತಿದ್ದುವೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

2007ರಲ್ಲಿ, ಸರಿಯಾಗಿ 75 ವರ್ಷಗಳ ತರುವಾಯ, ಅತಿಥಿಗಳು ಮತ್ತೆ ಒಳಗೆ ಕಾಲಿಟ್ಟರು. ಮೊದಲು 500ಕ್ಕೂ ಮಿಕ್ಕಿ ಇದ್ದ ಕೋಣೆಗಳು ಈ ಕಾಲದ ಅಭಿರುಚಿಗೆ ಇಕ್ಕಟ್ಟೆನಿಸಿದುದರಿಂದ ಅವುಗಳನ್ನು ಕೂಡಿಸಿ 243 ಕೋಣೆಗಳನ್ನು ಮಾಡಲಾಯಿತು. ಒಳಮಗ್ಗುಲಿನ ಕೋಣೆಗಳ ಕಿಟಕಿ ತೆರೆದರೆ ಕಾಣುವುದು ಆಲ್‌ಬ್ರೈಟನ ಅದೇ ಗುಮ್ಮಟ.