ಕೈಬಿಟ್ಟ ಎರಡು ಬಾಟಲಿ ನೀರು

2015ರ ಮೊದಲ ಆರು ತಿಂಗಳಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 71 ಬಾಟಲಿ ನಲ್ಲಿ ನೀರನ್ನು ಸಂಗ್ರಹಿಸಿ, ಅದರಲ್ಲಿ ಸೀಸವೆಷ್ಟಿದೆ ಎಂದು ಪರೀಕ್ಷಿಸಲಾಯಿತು. ಅಂತಿಮ ವರದಿಯಲ್ಲಿ ಉಳಿದದ್ದು 69. ಕೈಬಿಟ್ಟ ಎರಡರ ಪೈಕಿ ಒಂದರಲ್ಲಿ ಲೀಟರಿಗೆ 104 ಮೈಕ್ರೋಗ್ರಾಂ ಸೀಸವಿತ್ತು.

ಎರಡೇ ಬಾಟಲಿ ಎಂದು ತಳ್ಳಿಹಾಕುವಂತಿಲ್ಲ. ಪರೀಕ್ಷಿಸಿದ ಮನೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡೆ ಸೀಸ 15 ಮೈಕ್ರೋಗ್ರಾಂ ದಾಟಿದರೆ ಜನರನ್ನು ಎಚ್ಚರಿಸಿ ಕ್ರಮ ಕೈಗೊಳ್ಳಲೇಬೇಕು ಎಂಬುದು ಆಗ ಅಲ್ಲಿದ್ದ ನಿಯಮ. ಎರಡನ್ನೂ ಸೇರಿಸಿದ್ದರೆ ಫ್ಲಿಂಟ್ ಆ ಗೆರೆ ದಾಟುತ್ತಿತ್ತು. ಬಿಟ್ಟಿದ್ದರಿಂದ, ನೂರಕ್ಕೆ ತೊಂಬತ್ತು ಮನೆಗಳು ಮೀರದ ಸೀಸದ ಮಟ್ಟ ಲೆಕ್ಕದಲ್ಲಿ 11 ಮೈಕ್ರೋಗ್ರಾಂಗೆ ನಿಂತಿತು. ಕೂಡಿ ಕಳೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಊರಿನ ಮಕ್ಕಳು ಆ ನೀರನ್ನೇ ಕುಡಿಯುತ್ತಿದ್ದರು.

ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ನಗರವು ಡೆಟ್ರಾಯಿಟ್‌ನಿಂದ ಬರುತ್ತಿದ್ದ ಸರೋವರದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಗಿತ್ತು. ಹಳೆಯ ನೀರಿಗೆ ಫಾಸ್ಫೇಟ್ ಬೆರೆಸುತ್ತಿದ್ದರು. ಅದು ಕೊಳವೆಯ ಒಳಗೋಡೆಗೆ ತೆಳುವಾದ ಪದರವಾಗಿ ಕೂತು ಸೀಸ ನೀರಿಗೆ ಇಳಿಯದಂತೆ ತಡೆಯುತ್ತಿತ್ತು. ನದಿ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಫಾಸ್ಫೇಟ್ ಬೆರೆಸಲೇ ಇಲ್ಲ. ಯಂತ್ರದ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಜನರಲ್ ಮೋಟಾರ್ಸ್ ಕಾರ್ಖಾನೆ ಅದೇ ವರ್ಷದ ಅಕ್ಟೋಬರ್‌ನಲ್ಲೇ ಈ ನೀರು ಬೇಡವೆಂದಿತು. ಕಬ್ಬಿಣ ತಿನ್ನುವ ನೀರು ಮನೆಯ ಕೊಳವೆಯನ್ನೂ ತಿನ್ನುತ್ತದೆ ಎಂದು ಊಹಿಸಲು ಅಷ್ಟು ಸಾಕಿತ್ತು.

ನೀರು ಹಿಡಿಯುವ ಕ್ರಮವನ್ನೂ ನೋಡಬೇಕು. ಕೊಳವೆಯಲ್ಲಿ ಆರು ಗಂಟೆಯಾದರೂ ನಿಂತ ನೀರಿನ ಮೊದಲ ಲೀಟರನ್ನೇ ಹಿಡಿಯಬೇಕು, ಸೀಸದ ಕೊಳವೆ ಅಥವಾ ಸೀಸದ ಬೆಸುಗೆಯಿರುವ ಮನೆಗಳನ್ನೇ ಮೊದಲು ಆರಿಸಬೇಕು ಎಂಬುದು ಆಗಿನ ನಿಯಮ. ಹೆಚ್ಚು ಅಪಾಯ ಇರುವಲ್ಲೇ ಹುಡುಕಬೇಕೆಂಬುದು ಅದರ ಉದ್ದೇಶ. ಫ್ಲಿಂಟ್‌ನಲ್ಲಿ ಹಿಂದಿನ ರಾತ್ರಿಯೇ ನಲ್ಲಿ ತಿರುಗಿಸಿ ಕೆಲವು ನಿಮಿಷ ನೀರು ಹರಿಯಬಿಡಿ ಎಂದು ನಿವಾಸಿಗಳಿಗೆ ಸೂಚಿಸಲಾಗಿತ್ತು. ಕೊಳವೆಯಲ್ಲಿ ಕೂತಿದ್ದ ಸೀಸದ ಕಣಗಳು ಹಾಗೆ ಮೊದಲೇ ಕೊಚ್ಚಿಹೋಗುತ್ತವೆ. ಬಾಯಿ ಕಿರಿದಾದ ಬಾಟಲಿಯಾದರೆ ನಲ್ಲಿಯನ್ನು ಸಣ್ಣಗೆ ಬಿಟ್ಟು ಹಿಡಿಯಬೇಕಾಗುತ್ತದೆ. ಜೋರು ನೀರಿಗೆ ಕಳಚಿ ಬರುವ ಕಣಗಳು ಆಗ ಬರುವುದೇ ಇಲ್ಲ.

104 ಬಂದ ಮನೆಯನ್ನು ಕೈಬಿಡಲು ಕೊಟ್ಟ ಕಾರಣ, ಅಲ್ಲಿ ನೀರಿನ ಫಿಲ್ಟರ್ ಇದೆ ಎಂಬುದು. ಫಿಲ್ಟರ್ ಸೀಸವನ್ನು ಕಡಿಮೆ ಮಾಡೀತೇ ಹೊರತು ಹೆಚ್ಚಿಸಲಾರದು! ನಿಯಮದ ಅಕ್ಷರಕ್ಕೆ ಅಂಟಿಕೊಂಡು ಅದರ ಉದ್ದೇಶವನ್ನೇ ಮರೆಯುವುದು ಇದು. ಅದೇ ಮನೆಗೆ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ ಮಿಗೆಲ್ ಡೆಲ್ ಟೊರಾಲ್ ಹೋದರು. ಮನೆಯೊಳಗಿನ ಕೊಳವೆಗಳೆಲ್ಲ ಪ್ಲಾಸ್ಟಿಕ್, ಸೀಸ ಬರುತ್ತಿರುವುದು ಬೀದಿಯಿಂದ ಮನೆಗೆ ಎಳೆದ ಕೊಳವೆಯಿಂದ ಎಂದು ಪತ್ತೆಮಾಡಿ, 2015ರ ಜೂನ್‌ನಲ್ಲಿ ತಮ್ಮ ಮೇಲಿನವರಿಗೆ ಬರೆದರು. ಅಪಾಯವನ್ನು ಅಳೆಯುವವರ ವೃತ್ತಿಧರ್ಮ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಸಾಲಿಗೆ ಹೊಂದದ ಅಂಕಿ ಕಂಡಾಗ ಒಬ್ಬರು ಅದನ್ನು ಹೊಡೆದುಹಾಕಿದರು, ಇನ್ನೊಬ್ಬರು ಅದರ ಬೆನ್ನುಹತ್ತಿ ಮನೆಯ ಬಾಗಿಲಿಗೆ ಹೋದರು.

ಊರಿನ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ರಕ್ತ ಪರೀಕ್ಷೆಯ ದಾಖಲೆಗಳನ್ನು ತೆಗೆದು ನೋಡಿದರು. ಬೇಸಿಗೆಯಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಸಹಜವಾಗಿಯೇ ಏರುವುದರಿಂದ, ನೀರು ಬದಲಾಗುವ ಮೊದಲಿನ ಮತ್ತು ಆಮೇಲಿನ ಅದೇ ತಿಂಗಳುಗಳನ್ನು ಹೋಲಿಸಿದರು. ಸೀಸ ಹೆಚ್ಚಿದ್ದ ಮಕ್ಕಳ ಪ್ರಮಾಣ ಶೇ. 2.4ರಿಂದ 4.9ಕ್ಕೆ ಏರಿತ್ತು. ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗುವವರೆಗೆ ಕಾಯದೆ ಸೆಪ್ಟೆಂಬರ್ 24ರಂದು ಪತ್ರಿಕಾಗೋಷ್ಠಿ ಕರೆದರು. ಅವರು ಮಾಡಿದ್ದು ಸರಿ. ಸೀಸ ಮಗುವಿನ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಪೂರ್ಣ ಖಾತ್ರಿಗಾಗಿ ಕಾದ ಒಂದೊಂದು ವಾರದ ಬೆಲೆಯನ್ನೂ ಮಕ್ಕಳೇ ತೆರಬೇಕಾಗುತ್ತಿತ್ತು. ಮೊದಲು ಅಲ್ಲಗಳೆದ ರಾಜ್ಯ ಸರ್ಕಾರ ಕೆಲವೇ ದಿನಗಳಲ್ಲಿ ಒಪ್ಪಿಕೊಂಡಿತು. ಅಕ್ಟೋಬರ್ 16ರಂದು ಊರಿಗೆ ಮತ್ತೆ ಡೆಟ್ರಾಯಿಟ್ ನೀರು ಬಂತು.

ಪರೀಕ್ಷೆಗೆ ಮುನ್ನ ನೀರು ಹರಿಯಬಿಡಬಾರದು, ಅಗಲ ಬಾಯಿಯ ಬಾಟಲಿಯನ್ನೇ ಬಳಸಬೇಕು ಎಂದು 2016ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದೇಶಕ್ಕೆಲ್ಲ ಸೂಚನೆ ಕಳಿಸಿತು. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ಸೀಸದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಿಮ್ಮ ಊರಿನ ನೀರು ಆ ಮಿತಿಯೊಳಗಿದೆ ಎಂಬ ವರದಿ ಕೈಗೆ ಬಂದರೆ, ಎಷ್ಟು ಮನೆಗಳಿಂದ, ಯಾವ ಮನೆಗಳಿಂದ, ಹೇಗೆ ನೀರು ಹಿಡಿದಿರಿ, ಯಾವುದನ್ನು ಬಿಟ್ಟಿರಿ ಎಂದು ದಯವಿಟ್ಟು ಕೇಳಿ.