ಕನ್ನಡದಲ್ಲಿ ಚಿತ್ರಕಥೆ ಬರೆಯಲು ಯಾವ ತಂತ್ರಾಂಶ ಬೇಕು?

ದೃಶ್ಯದ ತಲೆಬರಹ, ಪಾತ್ರದ ಹೆಸರು, ಸಂಭಾಷಣೆಗಳನ್ನು ಪುಟದಲ್ಲಿ ತಕ್ಕ ಜಾಗಕ್ಕೆ ಕೂರಿಸುವುದೇ ಚಿತ್ರಕಥೆ ತಂತ್ರಾಂಶದ ಮುಖ್ಯ ಕೆಲಸ. ‘ಫೈನಲ್ ಡ್ರಾಫ್ಟ್’ ಹೆಸರುವಾಸಿ, ಆದರೆ ದುಬಾರಿ. ಕರೋಶಿಯಂಥ ಸಣ್ಣ ಊರಿನಲ್ಲಿ ಬರೆಯಲು ಹೊರಟವರಿಗೆ 2012ರಲ್ಲಿ ಬಂದ ‘ಫೌಂಟನ್’ ಸಾಕು. ಅದು ತಂತ್ರಾಂಶವಲ್ಲ, ಬರೆಯುವ ಕ್ರಮ; ಮೊಬೈಲಿನ ನೋಟ್‌ಪ್ಯಾಡಿನಲ್ಲೂ ನಡೆಯುತ್ತದೆ, ದುಡ್ಡು ಬೇಡ. ಇಂಗ್ಲಿಷಿನಲ್ಲಿ ಪಾತ್ರದ ಹೆಸರನ್ನು ಅದು ದೊಡ್ಡಕ್ಷರದಿಂದ ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ; ಆದ್ದರಿಂದ ಪಾತ್ರದ ಹೆಸರಿಗೆ ಮೊದಲು ‘@’ ಚಿಹ್ನೆ, ದೃಶ್ಯದ ತಲೆಬರಹಕ್ಕೆ ಮೊದಲು ಒಂದು ಚುಕ್ಕಿ ಹಾಕಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟು ಇಲ್ಲಿ ಕೆಲಸಕ್ಕೆ ಬಾರದು, ಯೂನಿಕೋಡ್‌ನಲ್ಲೇ ಟೈಪಿಸಬೇಕು. ಚಿತ್ರದ ಅವಧಿಗೆ ಹೇಳುವ ಪುಟಕ್ಕೊಂದು ನಿಮಿಷವೆಂಬ ಲೆಕ್ಕ ಇಂಗ್ಲಿಷಿನ ‘ಕೊರಿಯರ್’ ಫಾಂಟಿಗೆ ಹೊಂದಿಸಿದ್ದು. ಕನ್ನಡದಲ್ಲಿ ದೃಶ್ಯವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡುವುದೇ ಸರಿಯಾದ ಅಳತೆ.